ಪುಷ್ಪರಾಜ ಬಿಟ್ಟದ್ದು

ಕ್ರಿಕೆಟಿನಿಂದ ನಿವೃತ್ತನಾಗಬೇಕಾದರೆ ಮೊದಲು ಕ್ರಿಕೆಟಿನಲ್ಲಿ ಏನಾದರೂ ಆಗಿರಬೇಕು ಎಂಬುದು ಲೋಕದ ನಿಯಮ. ವಾಮದಪದವಿನ ಪುಷ್ಪರಾಜ ಜೈನ್ ಈ ನಿಯಮಕ್ಕೆ ಸೊಪ್ಪು ಹಾಕಿದವನಲ್ಲ.

ಪೇಟೆಯ ಹಿಟ್ಟಿನ ಗಿರಣಿಯ ಯಜಮಾನನಾದ ಅವನು ‘ಯುವಶಕ್ತಿ ಕ್ರಿಕೆಟರ್ಸ್’ ತಂಡದ ವಿಕೆಟ್ ಕೀಪರ್. ತಂಡ ಶುರುವಾದ ಕಾಲಕ್ಕೆ ಅದರಲ್ಲಿ ಯುವಕರೂ ಇದ್ದರು, ಶಕ್ತಿಯೂ ಇತ್ತು. ಈಗ ಹೆಸರು ಮಾತ್ರ ಉಳಿದಿದೆ. ಆಟಗಾರರಲ್ಲಿ ಅರ್ಧಕ್ಕರ್ಧ ಜನರಿಗೆ ಶುಗರು, ಒಬ್ಬನಿಗೆ ಮೊಮ್ಮಗು. ಹೊಸ ಹುಡುಗರು ಸೇರುವುದಿಲ್ಲ, ಹಳಬರು ಬಿಡುವುದಿಲ್ಲ. ಮಳೆ ನಿಂತು ಗದ್ದೆ ಒಣಗಿದಲ್ಲಿಂದ ಮುಂದಿನ ಮಳೆಯ ತನಕ ಬಂಟ್ವಾಳವೋ ಬೆಳ್ತಂಗಡಿಯೋ ಮೂಡುಬಿದಿರೆಯೋ, ಎಲ್ಲಿ ಅಂಡರ್‌ಆರ್ಮ್ ಪಂದ್ಯಾಟ ಇದೆಯೋ ಅಲ್ಲಿಗೆ ಭಾನುವಾರ ಹೋಗುವುದು, ಮೊದಲ ಪಂದ್ಯದಲ್ಲೇ ಸೋಲುವುದು, ದಾರಿಯಲ್ಲಿ ಗೋಳಿಬಜೆ ತಿಂದು ಮನೆಗೆ ಬರುವುದು. ಈ ಕಾರ್ಯಕ್ರಮದಲ್ಲಿ ವರ್ಷಗಳಿಂದ ಬದಲಾವಣೆ ಇರಲಿಲ್ಲ. ಗೋಳಿಬಜೆಯ ಗಾತ್ರ ಮಾತ್ರ ಸಣ್ಣದಾಗುತ್ತ ಬಂದಿತ್ತು.

ಪುಷ್ಪರಾಜನಿಗೆ ನಿವೃತ್ತಿಯ ಯೋಚನೆ ಬಂದದ್ದು ಹಿಂದಿನ ಬೇಸಿಗೆಯಲ್ಲಿ, ಬೆಳ್ತಂಗಡಿ ಕಡೆಯ ಒಂದು ಗದ್ದೆಯಲ್ಲಿ. ಕೀಪರ್ ಎಂದಮೇಲೆ ಸ್ಟಂಪಿನ ಹಿಂದೆ ಕುಕ್ಕರುಗಾಲಲ್ಲಿ ಕೂರಬೇಕಷ್ಟೆ. ಕುಳಿತ. ಚೆಂಡು ಬೌಂಡರಿ ದಾಟಿತು, ಕುಳಿತೇ ಇದ್ದ. ಓವರ್ ಮುಗಿಯಿತು, ಎಲ್ಲರೂ ಆಚೆ ತುದಿಗೆ ಹೊರಟರು. ಆಗಲೂ ಕುಳಿತೇ ಇದ್ದ. ಮಂಡಿ ಬಿಡಿಸಿಕೊಳ್ಳಲಿಲ್ಲ. ಕೊನೆಗೆ ಕ್ಯಾಪ್ಟನ್ ಹನೀಫಾ ಒಂದು ಕಡೆ, ಗಲ್ಫಿನಿಂದ ರಜೆಯಲ್ಲಿ ಬಂದು ಮರಳಿ ಹೋಗುವುದನ್ನು ಮರೆತಿದ್ದ ಅಸ್ಕರ್ ಇನ್ನೊಂದು ಕಡೆ ಹಿಡಿದು, ಕುಳಿತ ಭಂಗಿಯಲ್ಲೇ ಎತ್ತಿಕೊಂಡು ಹೋದರು. ಮೈಕಿನಲ್ಲಿ ವಿವರಣೆ ಕೊಡುತ್ತಿದ್ದವನು ಗಂಭೀರವಾಗಿ, “ಯುವಶಕ್ತಿಯ ಕೀಪರನ್ನು ಈಗ ಸ್ಥಳಾಂತರಿಸಲಾಗುತ್ತಿದೆ” ಎಂದ. ಬೆಳ್ತಂಗಡಿಯ ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು.

ಹೀಗೆ ಎತ್ತಿಸಿಕೊಂಡು ಹೋಗುವುದಕ್ಕಿಂತ ಮರ್ಯಾದೆಯಿಂದ ತಾನೇ ಹೋಗುವುದು ಮೇಲು ಎಂದು ಪುಷ್ಪರಾಜ ತೀರ್ಮಾನಿಸಿದ. ಅದೂ ಸುಮ್ಮನೆ ಅಲ್ಲ, ದೊಡ್ಡ ಆಟಗಾರರು ಮಾಡುವ ಹಾಗೆ ಒಂದು ಭಾಷಣ ಮಾಡಿ.

ಮಳೆಗಾಲ ಮುಗಿಯುತ್ತ ಬಂದಾಗ ತಂಡದ ಮಹಾಸಭೆ ಗಿರಣಿಯಲ್ಲೇ ಸೇರಿತು. ಮಹಾಸಭೆಗೆ ಬಂದವರು ಐದು ಜನ. ಪುಷ್ಪರಾಜ ಆಗಷ್ಟೇ ಯಾರದೋ ಗೋಧಿ ಬೀಸಿ ಮುಗಿಸಿ, ತಲೆಯಿಂದ ಕಾಲಿನವರೆಗೆ ಬೆಳ್ಳಗಾಗಿ, ಚೀಲದ ರಾಶಿಗೆ ಒರಗಿ ಎದ್ದು ನಿಂತ. ಹನೀಫಾ ಮೊಬೈಲು ಹಿಡಿದ.

“ಬಂಧುಗಳೇ, ಬಹಳ ವರ್ಷ ಓಡಿದೆ. ಸೋಲನ್ನೂ ಕಂಡೆ, ಗೆಲುವನ್ನೂ ಕಂಡೆ.”

“ಗೆಲುವು ಎಲ್ಲಿ ಕಂಡದ್ದು ಪುಷ್ಪಣ್ಣ?” ಎಂದು ಅಸ್ಕರ್ ನಿಜವಾದ ಕುತೂಹಲದಿಂದ ಕೇಳಿದ.

ಭಾಷಣಕಾರ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. “ಈ ಶರೀರ ದಣಿದಿದೆ. ಇನ್ನು ನನಗೆ ಯಾವ ಆಸೆಯೂ ಉಳಿದಿಲ್ಲ. ಈ ಎಲ್ಲ ಬಂಧನಗಳಿಂದ ಇಂದು ನಿವೃತ್ತನಾಗುತ್ತಿದ್ದೇನೆ. ನನ್ನಿಂದ ಯಾರಿಗಾದರೂ ನೋವಾಗಿದ್ದರೆ ಕ್ಷಮಿಸಿಬಿಡಿ.”

“ಆಯ್ತಲ್ಲ, ಇನ್ನು ಚಹಾ ತರಿಸುವ” ಎಂದ ಅಸ್ಕರ್.

ಕ್ರಿಕೆಟ್ ಎಂಬ ಶಬ್ದ ಭಾಷಣದಲ್ಲಿ ಒಮ್ಮೆಯೂ ಬರಲಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ದೊಡ್ಡವರು ಬಾಯಿಬಿಟ್ಟು ಹೇಳುವುದಿಲ್ಲ ಎಂದು ಪುಷ್ಪರಾಜನ ಭಾವನೆ. ಹನೀಫಾ ಅಸ್ಕರನ ಮಾತುಗಳನ್ನು ಕತ್ತರಿಸಿ, ಹಿಂದಿನಿಂದ ಕೊಳಲಿನ ನಾದ ಸೇರಿಸಿ, ಅದನ್ನು ತನ್ನ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದ. ಅವನದು ಪೈಂಟ್ ಅಂಗಡಿ. ಅವನಲ್ಲಿ ಪೈಂಟ್ ಕೊಂಡವರೆಲ್ಲ ಅವನ ಸ್ಟೇಟಸ್ ನೋಡುವವರೇ. ಅವರಲ್ಲಿ ಮೂಡುಬಿದಿರೆಯ ಪದ್ಮಾಕ್ಷಿಯಮ್ಮ ಒಬ್ಬರು. ಪುಷ್ಪರಾಜನಿಗೆ ಸೋದರತ್ತೆ. ಬೆಳಿಗ್ಗೆ ಬಸದಿಗೆ ಹೋಗಿ ಬಂದು ಮೊಬೈಲು ತೆರೆದರೆ, ಮೈಯೆಲ್ಲ ಬೆಳ್ಳಗಾದ ಅಳಿಯ ಕೊಳಲಿನ ನಾದದ ನಡುವೆ ಆಸೆ ಬಿಟ್ಟೆ, ಬಂಧನ ಬಿಟ್ಟೆ, ಕ್ಷಮಿಸಿ ಎನ್ನುತ್ತಿದ್ದಾನೆ. ಆ ಮುದುಕಿಯ ಕಣ್ಣಲ್ಲಿ ನೀರು ಬಂತು. ತಮ್ಮ ಕುಟುಂಬದಲ್ಲಿ ಸಂಸಾರ ಬಿಟ್ಟು ಮುನಿದೀಕ್ಷೆ ತೆಗೆದುಕೊಳ್ಳುವವನು ಒಬ್ಬ ಹುಟ್ಟಿದನಲ್ಲ!

ಅವರು ಕೂಡಲೇ ಪುಷ್ಪರಾಜನ ಹೆಂಡತಿ ಕಮಲಾವತಿಗೆ ಫೋನು ಮಾಡಿದರು. “ಕಮಲಾ, ನೀನು ಪುಣ್ಯವಂತೆ. ಅಳಬೇಡ.”

ಅಳುವ ಆಲೋಚನೆಯೇ ಇಲ್ಲದೆ ತೆಂಗಿನಕಾಯಿ ತುರಿಯುತ್ತಿದ್ದ ಕಮಲಾವತಿ, “ಎಂತಕ್ಕೆ ಅತ್ತೆ?” ಎಂದಳು.

“ಅವನು ಎಲ್ಲ ಬಿಟ್ಟನಂತೆ. ನಿನಗೆ ಹೇಳ್ಲಿಲ್ವಾ? ಹೇಳಲಿಕ್ಕೆ ಅವನಿಗೂ ಕಷ್ಟವೇ.”

ಸಂಜೆ ಗಂಡ ಮನೆಗೆ ಬಂದು ಕೈಕಾಲು ತೊಳೆಯುವಾಗ ಕಮಲಾವತಿ ಬಾಗಿಲಲ್ಲಿ ನಿಂತು ನೇರವಾಗಿಯೇ ಕೇಳಿದಳು. “ನೀವು ಬಿಟ್ಟದ್ದು ಹೌದಾ?”

ಪುಷ್ಪರಾಜ ಚೊಂಬು ಕೆಳಗಿಟ್ಟ. ಕ್ರಿಕೆಟ್ ಬಿಟ್ಟ ವಿಷಯವನ್ನು ಅವನು ಮನೆಯಲ್ಲಿ ಹೇಳಿರಲಿಲ್ಲ. ಹೇಳಿದರೆ ಭಾನುವಾರಗಳು ಮನೆಯ ಪಾಲಾಗುತ್ತವೆ ಎಂಬ ಭಯ. “ಹೌದು” ಎಂದ ತಲೆ ತಗ್ಗಿಸಿ. “ನಿನಗೆ ಹೇಳಬೇಕು ಅಂತಲೇ ಇದ್ದೆ. ಧೈರ್ಯ ಬರಲಿಲ್ಲ.”

“ಯಾವಾಗಿಂದ ಈ ಯೋಚನೆ?”

“ಬೆಳ್ತಂಗಡಿಯಲ್ಲಿ ಒಂದು ದಿನ ಕೂತವನಿಗೆ ಏಳಲಿಕ್ಕೇ ಆಗಲಿಲ್ಲ. ಆವಾಗಲೇ ಸಾಕು ಅನಿಸಿತು.”

ಕಮಲಾವತಿಗೆ ಮೈ ಜುಮ್ಮೆಂದಿತು. ಧ್ಯಾನಕ್ಕೆ ಕೂತು ಏಳಲಾಗದ ಸ್ಥಿತಿಗೆ ಗಂಡ ಮುಟ್ಟಿದ್ದು ಅವಳಿಗೆ ಗೊತ್ತೇ ಇರಲಿಲ್ಲ. “ತ್ರಿಶಾಳ ಓದು ಮುಗಿಯುವ ತನಕ ಆದ್ರೂ ಕಾಯಬಹುದಿತ್ತು” ಎಂದಳು, ಮಗಳ ನೆನಪಾಗಿ.

“ಅವಳ ಓದಿಗೂ ಇದಕ್ಕೂ ಎಂತ ಸಂಬಂಧ?” ಎಂದು ಪುಷ್ಪರಾಜ ಆಶ್ಚರ್ಯಪಟ್ಟ. “ನನಗೂ ವಯಸ್ಸಾಯ್ತು ಕಮಲಾ. ಇನ್ನು ಎಷ್ಟು ಅಂತ ಓಡುವುದು?”

ಕಮಲಾವತಿ ತಿರುಗಿ ಅಡುಗೆಮನೆಗೆ ಹೋದಳು. ಇಷ್ಟು ಸುಲಭಕ್ಕೆ ಮುಗಿಯಿತಲ್ಲ ಎಂದು ಪುಷ್ಪರಾಜ ಸಮಾಧಾನದಿಂದ ಮಲಗಿದ.

ಮರುದಿನದಿಂದ ಮನೆಯಲ್ಲಿ ಸೂರ್ಯ ಮುಳುಗುವ ಮೊದಲೇ ಊಟ. ಬಟಾಟೆ ಮಾಯವಾಯಿತು, ನೀರುಳ್ಳಿ ಮಾಯವಾಯಿತು, ಉಪ್ಪಿನಕಾಯಿಯ ಭರಣಿ ಅಟ್ಟ ಸೇರಿತು. ಬಟ್ಟಲಲ್ಲಿ ಬೇಯಿಸಿದ ಹೆಸರುಕಾಳು ಬಂತು. ಗಂಟು ನೋವಿಗೆ ಪಥ್ಯ ಮಾಡುತ್ತಿದ್ದಾಳೆ ಎಂದುಕೊಂಡು ಪುಷ್ಪರಾಜ ಬಾಯಿ ಮುಚ್ಚಿ ತಿಂದ. ಆಮೇಲೆ ಕಮಲಾವತಿ ಗಿರಣಿಗೂ ಬಂದಳು. ಯಾವ ಧಾನ್ಯಕ್ಕೆ ಕಲ್ಲು ಎಷ್ಟು ಬಿಗಿ ಮಾಡಬೇಕು, ಮೆಣಸು ಬೀಸಿದ ಮೇಲೆ ಹೇಗೆ ತೊಳೆಯಬೇಕು ಎಂದೆಲ್ಲ ಕೇಳಿ ಕಲಿತಳು. ಇವಳಿಗೆ ನನ್ನ ಮೇಲೆ ಇಷ್ಟು ಕರುಣೆಯೇ ಎಂದು ಅವನ ಮನಸ್ಸು ತುಂಬಿ ಬಂತು.

ಪಕ್ಕದ ಮನೆಯ ರುಕ್ಮಯ್ಯ ದೀಕ್ಷೆಯ ಸುದ್ದಿ ಕೇಳಿ ಒಂದು ಬೆಳಿಗ್ಗೆ ಬಂದು ಜಗಲಿಯಲ್ಲಿ ವಿನಯದಿಂದ ಕೂತ. ಯಾವತ್ತೂ ಒಂಟಿ ಕಾಲಿನಲ್ಲಿ ನಿಂತು ಬೈದು ಹೋಗುವವನು ಅವನು.

“ಜೈನ್ರೇ, ನಿಮ್ಮ ಸ್ಕೂಟರು ಇನ್ನು ನಿಮಗೆ ಎಂತಕ್ಕೆ? ಇನ್ನು ನಡೆದುಕೊಂಡೇ ಅಲ್ವಾ?”

“ಡಾಕ್ಟ್ರು ನಡೀರಿ ಅಂತ ಹೇಳಿದ್ದು ಹೌದು” ಎಂದ ಪುಷ್ಪರಾಜ. “ಆದ್ರೆ ಸ್ಕೂಟರು ಇರಲಿ ಮಾರಾಯ್ರೇ.”

“ಅಂಟಿಕೊಳ್ಳಬಾರದು” ಎಂದು ರುಕ್ಮಯ್ಯ ಮೃದುವಾಗಿ ಉಪದೇಶ ಮಾಡಿದ. “ಬಿಡುವುದು ಅಂದ ಮೇಲೆ ಪೂರ್ತಿ ಬಿಡಬೇಕು.”

ಈ ಮಾತಿನಲ್ಲಿ ತೂಕವಿದೆ ಎಂದು ಪುಷ್ಪರಾಜನಿಗೂ ಅನಿಸಿ, ಒಳಗೆ ಹೋಗಿ ತನ್ನ ಪ್ಯಾಡು, ಗ್ಲೌಸು, ಬ್ಯಾಟು ತಂದು ಅವನ ಮುಂದಿಟ್ಟ. ಸ್ಕೂಟರಿಗೆ ಬಂದ ರುಕ್ಮಯ್ಯ ಕ್ರಿಕೆಟ್ ಸಾಮಾನನ್ನು ಬೆನ್ನಿಗೆ ಹಾಕಿಕೊಂಡು, ಎಂತ ತ್ಯಾಗವಪ್ಪಾ ಎಂದು ಊರೆಲ್ಲ ಹೇಳುತ್ತ ಹೋದ.

ಬಂಟ್ವಾಳದಿಂದ ಕಮಲಾವತಿಯ ಅಣ್ಣ ಸಮ್ಮೇದ್ ಬಂದದ್ದು ಅದರ ಮರುದಿನ. ವಕೀಲರ ಆಫೀಸಿನಲ್ಲಿ ಗುಮಾಸ್ತಗಿರಿ ಮಾಡಿ ಮಾಡಿ ಮನೆಯಲ್ಲೂ ಪಾಟೀಸವಾಲು ಮಾಡುವ ಅಭ್ಯಾಸ ಅವನಿಗೆ. ಕೂರುವ ಮೊದಲೇ ಶುರುಮಾಡಿದ.

“ಭಾವ, ನೀವು ಮಾಡುವುದು ದೊಡ್ಡ ಕೆಲಸವೇ, ನಾನು ಅಲ್ಲ ಅನ್ನುವುದಿಲ್ಲ. ಆದರೆ ಮನೆಯವರನ್ನು ಕೇಳಬೇಕಾ ಬೇಡವಾ?”

“ಕೇಳದ್ದು ತಪ್ಪೇ ಭಾವ.”

“ದಿನಕ್ಕೆ ಒಂದೇ ಹೊತ್ತು ಊಟ. ನಿಮ್ಮಿಂದ ಆಗ್ತದಾ?”

“ಈಗಾಗಲೇ ಹೆಸರುಕಾಳಿಗೆ ಬಂದಿದ್ದೇನೆ” ಎಂದ ಪುಷ್ಪರಾಜ ದಣಿದ ಧ್ವನಿಯಲ್ಲಿ.

“ಮಳೆ ಬಿಸಿಲು ಅಂತ ನೋಡದೆ ಬರಿಗಾಲಲ್ಲಿ ಊರಿಂದ ಊರಿಗೆ ನಡೀಬೇಕು. ತಲೆಕೂದಲನ್ನು ಕೈಯಲ್ಲೇ ಕೀಳ್ತಾರೆ, ಗೊತ್ತುಂಟಾ ನಿಮಗೆ?”

ಪುಷ್ಪರಾಜನ ಕೈ ತಾನಾಗಿ ತಲೆಗೆ ಹೋಯಿತು. “ಕ್ರಿಕೆಟ್ ಬಿಟ್ಟದ್ದಕ್ಕಾ?” ಎಂದ.

ಬಾಗಿಲ ಮರೆಯಲ್ಲಿ ಚಹಾ ಹಿಡಿದು ನಿಂತಿದ್ದ ಕಮಲಾವತಿ ಚಹಾ ಸಮೇತ ಒಳಗೆ ಹೋದಳು. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು. ಅದು ತಾನಾಗಿ ಬಿದ್ದ ಸದ್ದಲ್ಲ. ಸಮ್ಮೇದ್ ಇನ್ನೂ ಏನೇನೋ ಸವಾಲು ಕೇಳಿ, ಉತ್ತರ ಪಡೆದು, ನಗಲೂ ಆಗದೆ ಬೈಯಲೂ ಆಗದೆ ಬಂಟ್ವಾಳದ ಬಸ್ಸು ಹತ್ತಿದ.

ಪುಷ್ಪರಾಜ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ. “ನಾನು ಅಂಥ ಮಾತು ಹೇಳಲೇ ಇಲ್ಲ ಕಮಲಾ. ನೀನೇ ಏನೋ ತಿಳ್ಕೊಂಡದ್ದು.”

ಕಮಲಾವತಿ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿ ಅವನ ಮುಂದೆ ಕುಕ್ಕಿದಳು. “ಎರಡು ದಿನ ಕೂತು ಅತ್ತಿದ್ದೇನೆ. ಆಮೇಲೆ, ಒಳ್ಳೆಯ ದಾರಿಗೇ ಹೋಗ್ತಾರಲ್ಲ, ಹೋಗಲಿ, ಅಡ್ಡ ಬರಬಾರದು ಅಂತ ಮನಸ್ಸು ಗಟ್ಟಿ ಮಾಡಿಕೊಂಡೆ. ಗಟ್ಟಿ ಮಾಡಿದ ಮನಸ್ಸನ್ನು ಈಗ ಎಲ್ಲಿ ಇಡ್ಲಿ, ಹೇಳಿ?”

ಇಪ್ಪತ್ತು ವರ್ಷದ ಸಂಸಾರದಲ್ಲಿ ಇವಳು ತನಗಾಗಿ ಅತ್ತದ್ದನ್ನು ಪುಷ್ಪರಾಜ ಕೇಳಿದ್ದು ಅದೇ ಮೊದಲು. ಸಂತೋಷವಾಯಿತು. ಸಂತೋಷವಾದದ್ದು ಮುಖದಲ್ಲಿ ಕಂಡದ್ದೇ ತಪ್ಪಾಯಿತು. ಆಮೇಲೆ ಎಷ್ಟೋ ದಿನ ಅವಳು ಅವನೊಡನೆ ಅಕ್ಕಿ, ಬೇಳೆ, ಗ್ಯಾಸು ಇವುಗಳ ಬಗ್ಗೆ ಮಾತ್ರ ಮಾತಾಡಿದಳು.

ಉಳಿದದ್ದು ಮೂಡುಬಿದಿರೆಯ ಪದ್ಮಾಕ್ಷಿ ಅತ್ತೆ. ಫೋನಿನಲ್ಲಿ ಹೇಳಲು ಹೋದಾಗಲೆಲ್ಲ ಅವರು, “ಮಗಾ, ನನ್ನೊಟ್ಟಿಗೆ ಲೌಕಿಕ ಮಾತಾಡಿ ಸಮಯ ಹಾಳುಮಾಡಬೇಡ” ಎಂದು ಇಟ್ಟುಬಿಡುತ್ತಿದ್ದರು. ಡಿಸೆಂಬರಿನ ಒಂದು ಭಾನುವಾರ ನೆಂಟರನ್ನೆಲ್ಲ ಸೇರಿಸಿ ಅವನಿಗೆ ಗೌರವದ ಊಟ ಇಟ್ಟುಕೊಂಡರು. “ನೀವು ಬಿಟ್ಟದ್ದು, ನೀವೇ ಹೋಗಿ ಹೇಳಿ” ಎಂದಳು ಕಮಲಾವತಿ. ಅದೇ ಭಾನುವಾರ ಯುವಶಕ್ತಿಗೆ ಮಿಜಾರಿನಲ್ಲಿ ಪಂದ್ಯ. ಹನೀಫಾ ತನ್ನ ಪಿಕಪ್ಪಿನಲ್ಲಿ ಅವನನ್ನು ಅತ್ತೆಯ ಮನೆಯ ಮುಂದೆ ಇಳಿಸಿ ಹೋದ.

ಅತ್ತೆಯ ಚಾವಡಿಯಲ್ಲಿ ಬಿಳಿ ಬಟ್ಟೆಯ ನೆಂಟರು ಸಾಲಾಗಿ ಕೂತಿದ್ದರು. ಪುಷ್ಪರಾಜ ಒಳಗೆ ಬಂದದ್ದೇ ಎಲ್ಲರೂ ಎದ್ದು ಕೈಮುಗಿದರು. ಅತ್ತೆ ಎರಡು ಮಾತಾಡಲು ಹೇಳಿದರು.

“ನಾನು ಅಂಥ ದೊಡ್ಡವನಲ್ಲ” ಎಂದ ಪುಷ್ಪರಾಜ ಬೆವರುತ್ತ.

“ಎಂಥ ವಿನಯ!” ಎಂದರು ಒಬ್ಬರು.

“ನನಗೆ ಇನ್ನೂ ತುಂಬ ಆಸೆಗಳುಂಟು.”

“ಎಂಥ ಪ್ರಾಮಾಣಿಕತೆ!” ಎಂದರು ಇನ್ನೊಬ್ಬರು.

ಅಷ್ಟರಲ್ಲಿ ಅಂಗಳದಲ್ಲಿ ಪಿಕಪ್ಪಿನ ಹಾರನ್ನು ಕೂಗಿತು. ಹನೀಫಾ ಓಡಿ ಬಂದ. “ಪುಷ್ಪಣ್ಣಾ, ಜನ ಕಡಿಮೆ ಉಂಟು. ಶಾಫಿಯ ಹೆಂಡತಿ ಕಡೆಯವರ ಮದುವೆಯಂತೆ. ಬನ್ನಿ, ಸುಮ್ಮನೆ ನಿಂತರೆ ಸಾಕು.”

ಚಾವಡಿಯಿಂದ ಹೊರಗೆ ಹೋಗುವ ಯಾವ ದಾರಿಯಾದರೂ ಆ ಹೊತ್ತಿಗೆ ಪುಷ್ಪರಾಜನಿಗೆ ಮೋಕ್ಷದ ದಾರಿಯೇ. ಹೋಗಿಬಿಟ್ಟ. “ಕೊನೆಯ ಸಲ ಸ್ನೇಹಿತರ ಮಾತು ಮೀರಬಾರದಲ್ಲ” ಎಂದರು ಅತ್ತೆ. ಹಾಗೆ ಅಂದವರು, ನಾವೂ ಹೋಗಿ ನೋಡುವ ಎಂದರು. ಎರಡು ಕಾರು ತುಂಬ ನೆಂಟರು ಮಿಜಾರಿನ ಗದ್ದೆಗೆ ಬಂದು, ಶಾಮಿಯಾನದ ಮುಂದಿನ ಸಾಲಿನಲ್ಲಿ ಕೈಮುಗಿದು ಕೂತರು. ವಿವರಣೆಯವನು ಮೈಕು ಮುಚ್ಚಿಹಿಡಿದು ಅವರನ್ನು ವಿಚಾರಿಸಿದ. ಆಮೇಲೆ ಗದ್ದೆ ಪೂರ್ತಿ ಕೇಳುವಂತೆ, “ಪ್ರೇಕ್ಷಕ ಬಂಧುಗಳೇ, ಸಂಸಾರ ತೊರೆದು ಹೋಗುವ ಮುನ್ನ ಪುಷ್ಪರಾಜಣ್ಣ ಇಂದು ತಮ್ಮ ಕಟ್ಟಕಡೆಯ ಪಂದ್ಯ ಆಡುತ್ತಿದ್ದಾರೆ!” ಎಂದ.

“ಹನೀಫಾ, ಅವನಿಗೆ ನಿಜ ಹೇಳು” ಎಂದು ಪುಷ್ಪರಾಜ ಅಂಗಲಾಚಿದ.

“ಈಗ ಬೇಡ ಪುಷ್ಪಣ್ಣ. ಪಂದ್ಯ ಮುಗೀಲಿ.”

ಎದುರಾಳಿಗಳು ಬೆಳ್ತಂಗಡಿ ಕಡೆಯ ಗಟ್ಟಿ ಹುಡುಗರು. ಯುವಶಕ್ತಿಯ ವಿಕೆಟ್ಟುಗಳನ್ನು ಬೆಂಡೆಕಾಯಿ ಕೊಯ್ದ ಹಾಗೆ ಕೊಯ್ದು, ಕೊನೆಗೆ ಬ್ಯಾಟ್ ಹಿಡಿದು ಬಂದ ಪುಷ್ಪರಾಜನನ್ನು ಕಂಡು ತಣ್ಣಗಾದರು. ಬೌಲರ್ ಬಂದು ಕಾಲು ಮುಟ್ಟಿ ನಮಸ್ಕಾರ ಮಾಡಿ, ಹೋಗಿ ಚೆಂಡು ಹಾಕಿದ. ಚೆಂಡು ಸ್ಟಂಪಿಗೆ ತಾಗಿ ಸ್ಟಂಪು ಬಿತ್ತು. ಯಾರೂ ಕೂಗಲಿಲ್ಲ. ಅಂಪೈರ್ ಬಂದು, “ಗಾಳಿ ಜೋರುಂಟು” ಎಂದು ಸ್ಟಂಪು ನೆಟ್ಟುಹೋದ. ಮುಂದಿನ ಚೆಂಡು ಬ್ಯಾಟಿಗೆ ತಾಗಿ ನೇರ ಮೇಲಕ್ಕೆ ಹಾರಿತು. ಕೆಳಗೆ ನಿಂತ ಹುಡುಗ ಅದನ್ನು ಹಿಡಿದ. ಹಿಡಿದವನು ಮುಂದಿನ ಸಾಲಿನಲ್ಲಿ ಕೈಮುಗಿದು ಕೂತ ಮುದುಕಿಯನ್ನು ನೋಡಿದ. ನೋಡಿ, ಕೋಳಿಮರಿಯನ್ನು ಇಡುವ ಹಾಗೆ ಚೆಂಡನ್ನು ಮೆಲ್ಲಗೆ ನೆಲದ ಮೇಲಿಟ್ಟ. ಈ ಪ್ರಕಾರ ಪುಷ್ಪರಾಜ ಜೀವಮಾನದ ಅತಿ ಹೆಚ್ಚಿನ ರನ್ನು ಹೊಡೆದ. ಯುವಶಕ್ತಿ ಗೆದ್ದಿತು.

ಗೆದ್ದ ಮೇಲೆ ಏನು ಮಾಡಬೇಕೆಂದು ತಂಡದಲ್ಲಿ ಯಾರಿಗೂ ತಿಳಿಯಲಿಲ್ಲ. “ಇನ್ನೊಂದು ಪಂದ್ಯ ಆಡಬೇಕಾ?” ಎಂದು ಅಸ್ಕರ್ ಸುಸ್ತಾಗಿ ಕೇಳಿದ. ಹನೀಫಾ ಮಾತ್ರ ಒಂದು ಮೂಲೆಯಲ್ಲಿ ಮುಖ ತಿರುಗಿಸಿ ಕಣ್ಣು ಒರೆಸಿಕೊಳ್ಳುತ್ತಿದ್ದ. ಅದನ್ನು ಪುಷ್ಪರಾಜ ನೋಡಿದ. ನೋಡಬಾರದಿತ್ತು. ಏಕೆಂದರೆ ಅಷ್ಟರಲ್ಲಿ ವಿವರಣೆಯವನು ಮೈಕು ತಂದು ಅವನ ಬಾಯಿಯ ಮುಂದೆ ಹಿಡಿದ.

ಒಂದು ಕಡೆ ಕ್ಯಾಪ್ಟನ್ನು, ಇನ್ನೊಂದು ಕಡೆ ಅತ್ತೆ. ಪುಷ್ಪರಾಜ ಮೈಕು ಹಿಡಿದುಕೊಂಡ. “ನಾನು ಸಂಸಾರ ಬಿಡುವುದಿಲ್ಲ. ನಾನು ಬಿಟ್ಟದ್ದು ಕ್ರಿಕೆಟ್ ಮಾತ್ರ” ಎಂದ.

ವಿವರಣೆಯವನು ಅಭ್ಯಾಸಬಲದಿಂದ, “ಹಾಗಾದ್ರೆ ಈಗ ಆಡಿದ್ದು?” ಎಂದ.

“ಜನ ಕಡಿಮೆ ಇತ್ತು.”

ಆಮೇಲೆ ನಡೆದದ್ದನ್ನು ಗಲಾಟೆ ಎಂದರೆ ಸಾಲದು. ಬೌಲರ್ ಹುಡುಗ ಎದುರಿಗೆ ಬಂದು, “ನಾನು ನಿಮ್ಮ ಕಾಲಿಗೆ ಬಿದ್ದದ್ದು ವಾಪಸು ಕೊಡಿ!” ಎಂದು ಹಟ ಹಿಡಿದ. ನ್ಯಾಯವೇ ಎಂದು ಪುಷ್ಪರಾಜ ಅವನ ಕಾಲು ಮುಟ್ಟಲು ಬಗ್ಗಿ ಕೂತ. ಕೂತವನಿಗೆ ಏಳಲಾಗಲಿಲ್ಲ. ಕೊನೆಗೆ ಆ ಹುಡುಗನೇ ಬೈಯುತ್ತ ಬೈಯುತ್ತ ಎತ್ತಿ ನಿಲ್ಲಿಸಿದ. ಅಂಪೈರ್ ಗಾಳಿ ಜೋರಿರಲಿಲ್ಲ ಎಂದು ಒಪ್ಪಿಕೊಂಡ. ಗೆಲುವು ಬೆಳ್ತಂಗಡಿಯವರ ಪಾಲಾಯಿತು. “ಇನ್ನು ಮನೆಗೆ ಹೋಗಬಹುದಲ್ವಾ?” ಎಂದ ಅಸ್ಕರ್, ನಿರಾಳವಾಗಿ. ಹನೀಫಾ ಯಾರ ಮುಖವನ್ನೂ ನೋಡದೆ ಸ್ಟಂಪು ಕಟ್ಟತೊಡಗಿದ.

ಪುಷ್ಪರಾಜ ಕುಂಟುತ್ತ ಅತ್ತೆಯ ಮುಂದೆ ಹೋಗಿ ನಿಂತ. ನೆಂಟರೆಲ್ಲ ಆಕಾಶ ನೋಡುತ್ತಿದ್ದರು. ಪದ್ಮಾಕ್ಷಿ ಅತ್ತೆ ಮುಗಿದ ಕೈ ಬಿಡಿಸಿದರು.

“ಗೆದ್ದ ಆಟ ಹೋಯ್ತಲ್ಲ ಮಗಾ.”

“ಹೋಯ್ತು ಅತ್ತೆ.”

“ಬೇಸರ ಉಂಟಾ?”

“ಉಂಟು.”

“ಹಾಗಾದರೆ ನಿನಗೆ ದೀಕ್ಷೆಗೆ ಇನ್ನೂ ತುಂಬ ದೂರ ಉಂಟು” ಎಂದು ಅತ್ತೆ ಎದ್ದರು. “ಊರಿಗೆಲ್ಲ ಆಗುವಷ್ಟು ಕಡ್ಲೆಬೇಳೆ ಪಾಯಸ ಮಾಡಿಸಿಟ್ಟಿದ್ದೇನೆ. ನಿನ್ನ ಆಟದವರನ್ನು ಕರಕೊಂಡು ಬಾ. ಆ ಬೈದ ಹುಡುಗನನ್ನೂ ಕರಿ. ಹೊತ್ತು ಮುಳುಗುವ ಮೊದಲು ಬರಬೇಕು.”

ಬೌಲರ್ ಹುಡುಗ ಮೂರು ಸಲ ಪಾಯಸ ಬಡಿಸಿಕೊಂಡ.

ಇಷ್ಟಾದ ಮೇಲೆ ಪುಷ್ಪರಾಜನ ನಿವೃತ್ತಿಯನ್ನು ರದ್ದು ಮಾಡಿದ್ದು ಕಮಲಾವತಿ. ಗಿರಣಿಯ ಕೆಲಸ ಅವಳಿಗೆ ಹಿಡಿಸಿತ್ತು. ಭಾನುವಾರದ ಗಿರಾಕಿಗಳು ಅವಳಿದ್ದರೆ ಸಾಕು ಎನ್ನುತ್ತಿದ್ದರು. “ನೀವು ಇಲ್ಲಿ ಕಾಲಿಗೆ ಅಡ್ಡ ಯಾಕೆ? ಹೋಗಿ, ಆಡಿ” ಎಂದು ರುಕ್ಮಯ್ಯನ ಮನೆಯಿಂದ ಪ್ಯಾಡು, ಗ್ಲೌಸು ವಾಪಸು ತರಿಸಿಕೊಟ್ಟಳು. ಬೇಸಿಗೆ ಮುಗಿಯುವ ತನಕ ಪುಷ್ಪರಾಜ ನಿಂತುಕೊಂಡೇ ಕೀಪಿಂಗ್ ಮಾಡಿದ. ಅವನ ಕೀರ್ತಿ ಮೂರು ತಾಲೂಕಿಗೂ ಹಬ್ಬಿತ್ತು. ಕೈಗೆ ಬಂದ ಕ್ಯಾಚು ಜಾರಿದಾಗಲೆಲ್ಲ ಮೈಕು, “ಬಿಟ್ಟರು! ಪುಷ್ಪಣ್ಣ ಮತ್ತೊಮ್ಮೆ ಬಿಟ್ಟರು!” ಎಂದು ಕೂಗುತ್ತಿತ್ತು. ಯುವಶಕ್ತಿ ಬಂಟ್ವಾಳದಲ್ಲಿ ಸೋತಿತು, ವೇಣೂರಿನಲ್ಲಿ ಸೋತಿತು, ಒಂದು ಕಡೆ ಎದುರಾಳಿಗಳೇ ಬಾರದೆ ಗೆಲುವು ಕೈಗೆ ಬಂದಿದ್ದಾಗ ಮಳೆ ಬಂದು ಅದೂ ತಪ್ಪಿತು. ಅದೇ ಆ ವರ್ಷದ ಮೊದಲ ಮಳೆ. ಗದ್ದೆಗೆ ನೀರು ನಿಂತು ಕ್ರಿಕೆಟ್ ಮುಗಿಯಿತು.

ಆಮೇಲಿನ ಮೊದಲ ಭಾನುವಾರ ಪುಷ್ಪರಾಜ ಕಾಲು ಚಾಚಿ ಕೂತಿದ್ದಾಗ ಕಮಲಾವತಿ ಹೊಸ ಸೀರೆ ಉಟ್ಟು, ಕೈಯಲ್ಲಿ ಬ್ಯಾಗು ಹಿಡಿದು ಹೊರಗೆ ಬಂದಳು.

“ಪದ್ಮಾಕ್ಷಿ ಅತ್ತೆಯೊಟ್ಟಿಗೆ ಯಾತ್ರೆಗೆ ಹೋಗಿಬರ್ತೇನೆ. ತ್ರಿಶಾಳೂ ಬರ್ತಾಳೆ.”

“ನನ್ನನ್ನು ಬಿಟ್ಟಾ?”

“ಮನೆಯಲ್ಲಿ ಒಬ್ಬರಾದ್ರೂ ಬಿಡಲಿಕ್ಕೆ ಕಲೀಬೇಕಲ್ಲ” ಎಂದು ಹೇಳಿ ಅವಳು ಕೊಡೆ ಬಿಡಿಸಿದಳು. ಗೇಟಿನ ಹತ್ತಿರ ತಿರುಗಿ ನೋಡಿ ಒಮ್ಮೆ ನಕ್ಕಳು. ಆ ನಗು ಬೇಲಿಯಾಚೆ ಇದ್ದ ರುಕ್ಮಯ್ಯನಿಗೆ ಕಾಣಲಿಲ್ಲ. ಬ್ಯಾಗು ಮಾತ್ರ ಕಂಡಿತು.

“ಅಮ್ಮ ಎಲ್ಲಿಗೆ ಹೋದದ್ದು ಜೈನ್ರೇ?”

“ಬಿಟ್ಟು ಹೋದಳು ಮಾರಾಯ್ರೇ” ಎಂದ ಪುಷ್ಪರಾಜ, ಆಕಳಿಸುತ್ತ.

ಮಧ್ಯಾಹ್ನದೊಳಗೆ ಹನೀಫಾ, ಶಾಫಿ, ಅಸ್ಕರ್ ಮತ್ತು ತಂಡದ ಇನ್ನಷ್ಟು ಮಂದಿ ಮಳೆಯಲ್ಲಿ ನೆನೆದುಕೊಂಡು ಬಂದು ಜಗಲಿಯಲ್ಲಿ ಸಾಲಾಗಿ ನಿಂತರು. ಎಲ್ಲರ ಮುಖದಲ್ಲೂ ಸಾವಿನ ಮನೆಗೆ ಬಂದ ಕಳೆ. ಹನೀಫಾ ಮುಂದೆ ಬಂದು ಹೆಗಲ ಮೇಲೆ ಕೈಯಿಟ್ಟ. “ಪುಷ್ಪಣ್ಣ, ನೀವು ಹೆದರಬೇಡಿ. ನಾವು ಇದ್ದೇವೆ.”

ಪುಷ್ಪರಾಜ ವಿವರಿಸಲು ಬಾಯಿ ತೆರೆದ. ಎಲ್ಲಿಂದ ಶುರುಮಾಡುವುದೆಂದು ಯೋಚಿಸಿದ. ಸುಸ್ತಾಯಿತು.

“ಒಳಗೆ ಬನ್ನಿ, ಚಹಾ ಮಾಡುವ” ಎಂದ. “ಸಕ್ಕರೆ ಎಲ್ಲಿಟ್ಟಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಎಲ್ಲರೂ ಸೇರಿ ಹುಡುಕುವ.”

ಯುವಶಕ್ತಿ ಕ್ರಿಕೆಟರ್ಸ್ ಅಡುಗೆಮನೆಯ ಮೂಲೆಮೂಲೆಗೂ ಹರಡಿಕೊಂಡು, ಡಬ್ಬ ಡಬ್ಬ ತೆರೆದು, ಅಟ್ಟವನ್ನೂ ಹತ್ತಿ ಹುಡುಕಿತು. ಸಕ್ಕರೆ ಸಿಗಲಿಲ್ಲ. ಬೆಲ್ಲ ಹಾಕಿ ಕುಡಿದರು.